ಆವೊಸ್ತಾದ ಒಂದು ಮಧ್ಯಾಹ್ನ ಮತ್ತು ಪಾಸ್‌ಪೋರ್ಟಿನ ಚೀಲ

ಒಬ್ಬರಿಗೆ ಏಳು ಸಾವಿರದ ಇನ್ನೂರು ದಿರ್ಹಮ್. ವೀಸಾ, ವಿಮಾನ, ಬಸ್ಸು, ಹೋಟೆಲು, ಬೆಳಗಿನ ತಿಂಡಿ, ರಾತ್ರಿಯ ಇಂಡಿಯನ್ ಊಟ ಎಲ್ಲ ಸೇರಿ. ಟ್ರಾವೆಲ್ಸಿನವನು ಕೇಳಿದ್ದು ಎಂಟು ಸಾವಿರ. ಎರಡು ಸಲ ಎದ್ದು ಬಾಗಿಲ ತನಕ ಹೋಗಿ, ಅವನು ತರಿಸಿದ ಚಹಾವನ್ನು ಮುಟ್ಟದೆ ತಣ್ಣಗಾಗಲು ಬಿಟ್ಟು, ಕೊನೆಗೆ ಇಬ್ಬರ ಹಣವನ್ನೂ ನಗದಾಗಿ ಮೇಜಿನ ಮೇಲಿಟ್ಟು ಇಳಿಸಿದ ದರ ಅದು. ಇದಕ್ಕಿಂತ ಕಡಿಮೆಗೆ ಯಾರಾದರೂ ಹೋಗಿಬಂದಿದ್ದರೆ ದಯವಿಟ್ಟು ನನಗೆ ಹೇಳಬೇಡಿ.

ಅಷ್ಟು ಹಣ ಕೊಟ್ಟದ್ದು ಅವನ ಕಾರ್ಯಕ್ರಮ ಪಟ್ಟಿಯ ಒಂದೇ ಒಂದು ಸಾಲಿಗೆ. 'ಆರನೆಯ ದಿನ: ಆಲ್ಪ್ಸ್ ಮಡಿಲಿನ ರೋಮನ್ ಮತ್ತು ಮಧ್ಯಯುಗದ ಪಟ್ಟಣ ಆವೊಸ್ತಾ, ಗೈಡ್ ಸಮೇತ, ಇಡೀ ದಿನ.' ಅದರ ಹಿಂದಿನ ಐದು ದಿನಗಳ ಸ್ವಿಟ್ಜರ್‌ಲ್ಯಾಂಡ್ ನನ್ನ ಲೆಕ್ಕದಲ್ಲಿ ಕುಕ್ಕರ್ ಕೊಂಡರೆ ಜೊತೆಗೆ ಸಿಗುವ ಸೌಟು. ಮುಚ್ಚಿಹೋಗುವ ರೆಸ್ಟೋರೆಂಟುಗಳ ಅಡುಗೆ ಸಾಮಾನು ಕೊಂಡು, ಹೊಸದಾಗಿ ತೆರೆಯುವವರಿಗೆ ಮಾರುವುದು ನನ್ನ ಕಸುಬು. ದುಬೈಯಲ್ಲಿ ಈ ಎರಡೂ ಜಾತಿಯವರಿಗೆ ಯಾವತ್ತೂ ಕೊರತೆಯಿಲ್ಲ. ಬಂದ ಹೊಸತರಲ್ಲಿ ಆಫೀಸೊಂದರಲ್ಲಿ ಚಹಾ ಹಂಚುತ್ತಿದ್ದವನು ನಾನು. ಯಾರು ಯಾವುದನ್ನು ಮಾರುವಾಗ ಎಲ್ಲಿ ಕಣ್ಣು ತಪ್ಪಿಸುತ್ತಾರೆ ಎಂದು ನನಗೆ ತಿಳಿಯುತ್ತದೆ. ಹಾಗಾಗಿ ಆ ಸಾಲಿನ ಮೇಲೆ ಬೆರಳಿಟ್ಟು ಮೂರು ಸಲ ಕೇಳಿದೆ.

"ಫುಲ್ ಡೇ ಅಂದ್ರೆ ಫುಲ್ ಡೇಯೇ ಅಲ್ವಾ?"

"ಅಣ್ಣಾ, ನೀವು ಸುಮ್ನೆ ಟೆನ್ಶನ್ ಮಾಡ್ಕೊಳ್ಬೇಡಿ. ಬರ್ದದ್ದು ನಾನೇ, ಕರ್ಕೊಂಡು ಹೋಗುದೂ ನಾನೇ."

ಅವನು ನಮ್ಮ ಕರಾವಳಿಯವನೇ. ದುಬೈಯ ಊದ್ ಮೇಥಾದ ಹತ್ತಿರ ಒಂದು ಕೋಣೆಯ ಟ್ರಾವೆಲ್ಸ್ ಇಟ್ಟುಕೊಂಡಿದ್ದ, ಭಾನುವಾರ ಇಗರ್ಜಿಯಿಂದ ಹೊರಬರುವಾಗ ಎಲ್ಲರಿಗೂ ಕೈಮುಗಿಯುತ್ತಿದ್ದ. ಪ್ರವಾಸದುದ್ದಕ್ಕೂ ಎಲ್ಲರೂ ಅವನನ್ನು ಲೀಡರ್ ಎಂದೇ ಕರೆದರು. ನಾನೂ ಹಾಗೆಯೇ ಕರೆಯುತ್ತೇನೆ. ಹೆಸರು ಹೇಳಿ ಅವನಿಗೆ ಪುಕ್ಕಟೆ ಜಾಹೀರಾತು ಕೊಡುವ ಮನಸ್ಸಿಲ್ಲ.

ಆ ಸಾಲು ಬೇಕಾಗಿದ್ದದ್ದು ನನ್ನ ಅಕ್ಕನಿಗೆ. ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಹೋಟೆಲೊಂದರಲ್ಲಿ ಆಕೆ ತನ್ನ ಯೌವನವನ್ನೂ ಆಮೇಲಿನದ್ದನ್ನೂ ಬೆಡ್‌ಶೀಟ್ ಮಡಚುತ್ತ ಕಳೆದಳು. ಮೊದಮೊದಲು ನೆಲಮಾಳಿಗೆಯ ಲಾಂಡ್ರಿಯಲ್ಲಿ, ಕೊನೆಗೆ ಲಿನನ್ ಕೋಣೆಯ ಮೇಲ್ವಿಚಾರಕಿಯಾಗಿ. ಸ್ಟಾಫಿನ ವಸತಿಯಲ್ಲಿ ಆಕೆಯ ಪಾಲಿಗೆ ಬಂದದ್ದು ಕಿಟಕಿಯಿಲ್ಲದ ಗೋಡೆಯ ಪಕ್ಕದ ಮಂಚ. ಆ ಹೋಟೆಲಿನಲ್ಲಿ ಕೆಲಕಾಲ ಇದ್ದ ಒಬ್ಬ ಇಟಾಲಿಯನ್ ಬಾಣಸಿಗ ತನ್ನೂರಾದ ಆವೊಸ್ತಾದ ಕ್ಯಾಲೆಂಡರುಗಳನ್ನು ಎಲ್ಲರಿಗೂ ಹಂಚಿದ್ದ. ಅದರಲ್ಲಿ ಒಂದು ಚಿತ್ರ: ಹಳೆಯ ಇಗರ್ಜಿಯ ಒಳಗಿನ ಅಂಗಳ, ಸುತ್ತ ಸಣ್ಣ ಸಣ್ಣ ಕಲ್ಲಿನ ಕಂಬಗಳ ಮೊಗಸಾಲೆ, ಕಂಬಗಳ ನಡುವೆ ನೆಲದ ಮೇಲೆ ಬಿದ್ದ ಬಿಸಿಲು. ವರ್ಷ ಮುಗಿದ ಮೇಲೆ ಆಕೆ ತಾರೀಕುಗಳ ಭಾಗವನ್ನು ಕತ್ತರಿಸಿ, ಚಿತ್ರವನ್ನು ಮಾತ್ರ ಕಿಟಕಿ ಇರಬೇಕಾಗಿದ್ದ ಜಾಗದಲ್ಲಿ ಅಂಟಿಸಿದಳು. ಕೋಣೆ ಬದಲಾದಾಗಲೆಲ್ಲ ಅದೂ ಬದಲಾಯಿತು. ನನ್ನಲ್ಲಿ ಆಕೆ ಜೀವನದಲ್ಲಿ ಏನನ್ನೂ ಕೇಳಿದವಳಲ್ಲ. ಅರವತ್ತು ದಾಟಿದ ಮೇಲೆ ಹೋಟೆಲಿನವರು ಇನ್ನು ವೀಸಾ ನವೀಕರಿಸುವುದಿಲ್ಲ ಎಂದು ತಿಳಿಸಿದಾಗ, ಊರಿಗೆ ಕಳಿಸುವ ಪೆಟ್ಟಿಗೆಗೆ ಹಗ್ಗ ಕಟ್ಟುತ್ತ, ನಗುತ್ತ ಅಂದಳು: "ಇದೊಂದು ಜಾಗ ನೋಡ್ಲಿಕ್ಕಿತ್ತು, ಬಾಬು."

ಇಲ್ಲಿಯ ವಾಸದ ವೀಸಾ ಕೈಯಲ್ಲಿದ್ದಾಗ ಯುರೋಪಿನ ವೀಸಾ ಸಿಗುವುದು ಒಂದು ಮಾತು. ಊರಿಗೆ ಹೋಗಿ ಕುಳಿತ, ಗಂಡನಿಲ್ಲದ, ಸಂಬಳವಿಲ್ಲದ ಹೆಂಗಸಿಗೆ ಅದು ಸಿಗುವುದು ಇನ್ನೊಂದು ಮಾತು. ಹೋಗುವುದಾದರೆ ಆಗಲೇ ಹೋಗಬೇಕಿತ್ತು, ಇನ್ನೊಂದು ಸಲ ಎಂಬುದಿರಲಿಲ್ಲ. ಲೀಡರನಿಗೂ ಇದನ್ನು ಬಿಡಿಸಿ ಹೇಳಿದ್ದೆ. ಅದೇ ನಾನು ಅವನಿಗೆ ಮಾಡಿದ ಉಪಕಾರ ಎಂದು ಆಮೇಲೆ ಗೊತ್ತಾಯಿತು.

ಮಿಲಾನ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ನನ್ನ ಸೂಟ್‌ಕೇಸಿನ ಒಂದು ಚಕ್ರ ಮುರಿದಿತ್ತು. ದೂರು ಬರೆಸಲು ವಿಮಾನ ಕಂಪನಿಯ ಕೌಂಟರಿಗೆ ಹೋದೆ. ಇದೊಂದು ತಿಳಿದಿರಲಿ: ನಿಲ್ದಾಣದಿಂದ ಹೊರಬೀಳುವ ಮೊದಲೇ ಬರೆಸಬೇಕು, ಹೊರಬಿದ್ದ ಮೇಲೆ ಚಕ್ರ ಹೋದದ್ದು ಹೋದಂತೆಯೇ ಅಂತ ತಿಳಿದುಕೊಳ್ಳಿ. ನಾನು ತಿರುಗಿ ಬಂದಾಗ ನಲವತ್ತು ಮಂದಿಯ ನಮ್ಮ ಗುಂಪಿನವರು ಸಾಲಾಗಿ ನಿಂತು ಲೀಡರನ ಎದೆಗೆ ಅಡ್ಡವಾಗಿ ನೇತಾಡುತ್ತಿದ್ದ ಕಪ್ಪು ಚೀಲಕ್ಕೆ ಏನನ್ನೋ ಹಾಕುತ್ತಿದ್ದರು. ಪ್ರಸಾದ ತೆಗೆದುಕೊಳ್ಳುವ ಸಾಲಿನಂತೆ ಕಂಡಿತು. ಇಲ್ಲಿ ಮಾತ್ರ ಎಲ್ಲರೂ ಕೊಡುವವರು.

"ಎಂಥದು ಹಾಕಿದ್ದು?" ಎಂದು ಅಕ್ಕನನ್ನು ಕೇಳಿದೆ.

"ಪಾಸ್‌ಪೋರ್ಟ್. ನಿನ್ನದೂ ನನ್ನ ಹತ್ರವೇ ಇತ್ತಲ್ಲ, ಕೊಟ್ಟೆ."

"ಯಾಕೆ?"

"ಕೇಳಿದ್ರು, ಕೊಟ್ಟೆ."

ಇಂಥದ್ದು ಬೇರೆ ಯಾವ ಜನರೂ ಮಾಡುವುದಿಲ್ಲ. ಮುಂಬಯಿಯಿಂದ ಬಂದ ಗುಂಪನ್ನು ಕೇಳಿ ನೋಡಿ, ಜಗಳವಾಗುತ್ತದೆ. ನಾವು ಗಲ್ಫಿನವರು. ವಿಮಾನ ಇಳಿದ ಮೊದಲ ದಿನ ಕಂಪನಿಯ ಮನುಷ್ಯ ಕೈ ಚಾಚಿದಾಗ ಪಾಸ್‌ಪೋರ್ಟ್ ಕೊಟ್ಟು, ರಜೆ ಮಂಜೂರಾದಾಗ ಸಹಿ ಹಾಕಿ ಈಸಿಕೊಂಡು ಬೆಳೆದವರು. ಹಾಗೆ ಇಟ್ಟುಕೊಳ್ಳಬಾರದು ಎಂದು ಅಲ್ಲಿಯ ಕಾನೂನೇ ಹೇಳುತ್ತದೆ. ಕಾನೂನು ತಿದ್ದಿದ್ದು ಕಂಪನಿಗಳನ್ನು, ನಮ್ಮ ಕೈಯನ್ನಲ್ಲ. ಯಾರಾದರೂ ಕೊರಳಿಗೆ ಬ್ಯಾಡ್ಜ್ ತೂಗಿಸಿಕೊಂಡು ಕೈ ಚಾಚಿದರೆ ಸಾಕು, ನಮ್ಮ ಕೈ ತಾನಾಗಿ ಚೀಲಕ್ಕೆ ಹೋಗುತ್ತದೆ. ಸಾಲಿನಲ್ಲಿ ಇದ್ದವರೇನು ಓದುಬರಹ ಬಾರದವರಲ್ಲ. ನರ್ಸುಗಳಿದ್ದರು, ಇಂಜಿನಿಯರುಗಳಿದ್ದರು, ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಮೂವತ್ತನೆಯ ಮಹಡಿಯಲ್ಲಿ ವಾಸಿಸುವ ಧಾರವಾಡ ಕಡೆಯ ಡಾಕ್ಟರೊಬ್ಬರು ಹೆಂಡತಿಯೊಂದಿಗೆ ಇದ್ದರು.

ನಾನು ಲೀಡರನ ಬಳಿ ಹೋಗಿ ನಮ್ಮೆರಡನ್ನು ಕೇಳಿದೆ.

"ಅಣ್ಣಾ, ಇಲ್ಲಿ ಪಿಕ್‌ಪಾಕೆಟ್ ಎಷ್ಟುಂಟು ಗೊತ್ತುಂಟಾ? ಒಬ್ರದ್ದು ಹೋದ್ರೆ ನಲ್ವತ್ತು ಜನರ ಟೂರ್ ಖಲಾಸ್. ಹೋಟೆಲಲ್ಲಿ ಕೊಡ್ತೇನೆ."

ಡಾಕ್ಟರು ನನ್ನ ಭುಜ ತಟ್ಟಿದರು. "ಇರ್ಲಿ ಬಿಡ್ರಿ. ಒಬ್ಬರ ಕಡೆ ಇದ್ರ ಛಲೋ ಅಲ್ಲೇನ್ರಿ? ನಮಗೂ ಒಂದು ತಲಿಬ್ಯಾನಿ ಕಡಿಮಿ."

ಹೋಟೆಲಿನಲ್ಲಿ ಕೊಡಲಿಲ್ಲ. ಸ್ವಾಗತದ ಮೇಜಿನವರು ಕೇಳಿದಾಗ ತೋರಿಸಿ ಮತ್ತೆ ಚೀಲಕ್ಕೆ ಹಾಕಿದ. ಮರುದಿನ ಕೇಳಿದೆ, ನಾಳೆ ಎಂದ. ನಾನು ಮತ್ತೆ ಮತ್ತೆ ಕೇಳುವುದು ಅಕ್ಕನಿಗೆ ಮುಜುಗರ. "ಬಿಡು ಬಾಬು, ಎಲ್ರೂ ನಮ್ಮನ್ನೇ ನೋಡ್ತಾರೆ." ಆಕೆಯ ಈ 'ಬಿಡು' ಎಂಬ ಮಾತಿನ ಮೇಲೆ ನನಗೆ ಇದ್ದ ಸಿಟ್ಟು ಲೀಡರನ ಮೇಲಿನದ್ದಕ್ಕಿಂತ ಕಡಿಮೆಯೇನಲ್ಲ.

ಐದು ದಿನ ಸ್ವಿಟ್ಜರ್‌ಲ್ಯಾಂಡ್ ಆಯಿತು. ಮಂಜು ಮುಟ್ಟಿದ್ದು, ಫೋಟೋ ಹೊಡೆದದ್ದು, ಲೀಡರನಿಗೆ ಪರಿಚಯವಿರುವ ಗಡಿಯಾರದ ಅಂಗಡಿ, ಅವನಿಗೆ ಪರಿಚಯವಿರುವ ಚಾಕೊಲೇಟಿನ ಅಂಗಡಿ. ದುಬೈ ಏರ್‌ಪೋರ್ಟಿನಲ್ಲಿ ಸಿಗುವ ಚಾಕೊಲೇಟನ್ನೇ ಒಂದೂವರೆ ಪಟ್ಟು ಕೊಟ್ಟು ಕೊಂಡು ಎಲ್ಲರೂ ಸಂತೋಷಪಟ್ಟರು. ಆರನೆಯ ದಿನಕ್ಕಾಗಿ ಬಾಯಿ ಬಿಗಿಹಿಡಿದಿದ್ದೆ.

ಆರನೆಯ ದಿನ ಹೊರಟದ್ದೇ ತಡವಾಗಿ, ದಾರಿಯಲ್ಲಿ ಇನ್ನೊಂದು ಅಂಗಡಿ. ಬೆಟ್ಟದ ಹೊಟ್ಟೆಯೊಳಗಿನ ಉದ್ದ ಸುರಂಗ ದಾಟಿ ಇಟಲಿಯ ಕಡೆ ಇಳಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಕಣಿವೆಯ ತಳದಲ್ಲಿ ಊರು, ನಾಲ್ಕೂ ಕಡೆ ಬೆಟ್ಟ, ಬೆಟ್ಟದ ತುದಿಗೆ ಹಿಮ. ಅಕ್ಕ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದಳು. ಆಗ ಲೀಡರ್ ಮೈಕ್ ಹಿಡಿದ.

"ಫ್ರೆಂಡ್ಸ್, ಇದು ರೋಮನ್ ಟೌನ್. ಎರಡು ಸಾವಿರ ವರ್ಷ ಹಳೇದು. ಬಸ್ ಆರ್ಚ್ ಹತ್ರ ನಿಲ್ತದೆ, ಒಂದು ಗಂಟೆ ಟೈಮ್, ಫೋಟೋ ತೆಗೀರಿ. ಆಮೇಲೆ ಯಲ್ಲಾ, ಹೊರಡುವಾ, ಸೀದಾ ಔಟ್‌ಲೆಟ್. ಬ್ರ್ಯಾಂಡೆಡ್ ಎಲ್ಲ ಹಾಫ್ ರೇಟ್. ನಾಲ್ಕು ಗಂಟೆ ಅಲ್ಲಿ ಕೊಡ್ತೇನೆ."

ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ನಾನು ಸೀಟಿನಿಂದ ಎದ್ದೆ.

"ಗೈಡ್ ಎಲ್ಲಿ?" ಎಂದು ಕೇಳಿದೆ.

"ಗೂಗಲ್ ಉಂಟಲ್ಲ ಅಣ್ಣಾ." ಮತ್ತೆ ನಗು.

"ಇಡೀ ದಿನ ಅಂತ ಬರೆದಿದ್ದಿ."

"ವೋಟ್ ಹಾಕುವನಾ? ಔಟ್‌ಲೆಟ್ ಬೇಕಾದವ್ರು ಕೈ ಎತ್ತಿ."

ನಮ್ಮಿಬ್ಬರದ್ದು ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ಡಾಕ್ಟರರದ್ದು ಅರ್ಧ ಎದ್ದಿತು. ಬಂದದ್ದು ಯಾವ ಊರಿಗೆ, ಆ ಊರಿನಲ್ಲಿ ಏನಿದೆ ಎಂದು ಒಬ್ಬರಾದರೂ ಕೇಳಬೇಡವೇ? ಅಂಗಡಿಗಳ ನಡುವೆಯೇ ಬದುಕುವ ಊರಿನಿಂದ, ವರ್ಷವಿಡೀ ಸೇಲ್ ಇರುವ ಊರಿನಿಂದ, ಇಷ್ಟು ದೂರ ಹಾರಿಬಂದು ಇವರಿಗೆ ಬೇಕಾದದ್ದು ಇನ್ನೊಂದು ಮಾಲ್. ಬಸ್ಸಿಳಿದು, ಎರಡು ಸಾವಿರ ವರ್ಷ ನಿಂತ ಕಮಾನಿಗೆ ಬೆನ್ನು ಹಾಕಿ ನಿಂತು, ಕೈಯನ್ನು ಮುಂದಕ್ಕೆ ಚಾಚಿ, ತಮ್ಮ ಮುಖದ ಫೋಟೋ ತಾವೇ ತೆಗೆದುಕೊಂಡರು. ಆ ಕಮಾನಿನ ತಲೆಯ ಮೇಲೆ ಬಹಳ ಕಾಲದ ನಂತರ ಯಾರೋ ಸೋರದಂತೆ ಕಲ್ಲುಹಲಗೆಯ ಮಾಡು ಹೊದಿಸಿದ್ದಾರೆ, ನಡುವೆ ಒಂದು ಶಿಲುಬೆ ತೂಗುತ್ತಿದೆ. ಚಕ್ರವರ್ತಿಯ ಗೆಲುವಿಗೆ ಕಟ್ಟಿದ್ದನ್ನು ಊರಿನವರು ಹೀಗೆ ತಮ್ಮ ಮನೆಯ ಹಿರಿಯನಂತೆ ನೋಡಿಕೊಂಡಿದ್ದಾರೆ. ಇದನ್ನೆಲ್ಲ ಹೇಳಬೇಕಾದವನು ಬಸ್ಸಿನ ಪಕ್ಕ ಸಿಗರೇಟು ಸೇದುತ್ತಿದ್ದ.

ನಾನು ಅಕ್ಕನ ಕೈಹಿಡಿದು ಹೊರಟೆ. ರೋಮನ್ನರು ಹಾಕಿದ ಬೀದಿ ಇನ್ನೂ ನೂಲು ಹಿಡಿದಂತೆ ನೇರವಾಗಿದೆ. ದಾರಿ ಕೇಳುವ ಅಗತ್ಯವಿಲ್ಲ. ಮುಂದೆ ಜೋಡಿ ಕಮಾನಿನ ಕೋಟೆಬಾಗಿಲು, ಅದರ ಆಚೆ ಚೌಕ, ಬದಿಗೆ ಹಳೆಯ ನಾಟಕಶಾಲೆಯ ಒಂಟಿ ಗೋಡೆ, ಕಿಟಕಿಗಳ ತೂತಿನಲ್ಲಿ ಬೆಟ್ಟ. ನಾವು ಅಷ್ಟು ದೂರ ಹೋಗಲಿಲ್ಲ. ಕಮಾನಿನಿಂದ ಸ್ವಲ್ಪ ಮುಂದೆ ಬಲಕ್ಕೆ ತಿರುಗಿದರೆ ಇಗರ್ಜಿ. ಎದುರಿಗೆ ನೂರಾರು ವರ್ಷದ ಮುದಿ ಮರ, ಒಂಟಿಯಾಗಿ ನಿಂತ ಗಂಟೆಯ ಗೋಪುರ. ಅಕ್ಕ ನನ್ನ ಕೈ ಬಿಟ್ಟು ಮುಂದಾದಳು. ಮಂಡಿನೋವಿನ ಹೆಂಗಸು ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ.

ಮೊಗಸಾಲೆಯ ಬಾಗಿಲು ಮುಚ್ಚಿತ್ತು. ಮಧ್ಯಾಹ್ನದ ವಿರಾಮ, ಎರಡು ಗಂಟೆಗೆ ತೆರೆಯುವುದು ಎಂದು ಫಲಕ. ಬಸ್ಸು ಹೊರಡುವುದು ಒಂದೂವರೆಗೆ.

ಅಕ್ಕ ಬಾಗಿಲಿನ ಮೇಲೆ ಅಂಗೈ ಇಟ್ಟು ನಿಂತಳು. "ಇದರ ಆಚೆಯೇ ಅಲ್ವಾ?" ಎಂದಳು. ಆಮೇಲೆ ಕೈ ತೆಗೆದು, "ಬಾಗಿಲಾದ್ರೂ ನೋಡಿದ್ವಲ್ಲ. ಬಿಡು," ಎಂದಳು.

"ಇದನ್ನು ಬಿಡುದಿಲ್ಲ," ಎಂದೆ.

ಲೆಕ್ಕ ಹಾಕಿದೆ. ಇಲ್ಲಿಂದ ಟ್ಯೂರಿನ್‌ಗೆ ಬಸ್ಸಿದೆ, ಅಲ್ಲಿಂದ ಮಿಲಾನ್‌ಗೆ ರೈಲು. ರಾತ್ರಿ ತಂಗುವ ಅಲ್ಲಿಯ ಹೋಟೆಲಿನ ವಿಳಾಸ ನನ್ನಲ್ಲಿದೆ. ಔಟ್‌ಲೆಟ್ ಬೇಕಾದವರು ಔಟ್‌ಲೆಟ್‌ಗೆ ಹೋಗಲಿ, ನಾವು ಆಮೇಲೆ ಹೋಟೆಲಿಗೆ ಬಂದು ಸೇರುತ್ತೇವೆ. ಯಾರಿಗೂ ನಷ್ಟವಿಲ್ಲದ ವ್ಯವಹಾರ. ಆದರೆ ಪರದೇಶದಲ್ಲಿ ಪಾಸ್‌ಪೋರ್ಟಿಲ್ಲದೆ ಅಕ್ಕನನ್ನು ಕರೆದುಕೊಂಡು ಬಸ್ಸು ರೈಲು ಹತ್ತುವಷ್ಟು ಮೂರ್ಖ ನಾನಲ್ಲ. ಅದು ಆ ಕಪ್ಪು ಚೀಲದಲ್ಲಿತ್ತು.

ಬಸ್ಸಿನ ಬಳಿಗೆ ಮರಳಿದೆವು. ಎಲ್ಲರೂ ಹತ್ತಿ ಕುಳಿತಿದ್ದರು. ಲೀಡರ್ ಬಾಗಿಲ ಬಳಿ ತಲೆ ಎಣಿಸುತ್ತಿದ್ದ. ನಾನು ಸಮಾಧಾನದಿಂದಲೇ ಹೇಳಿದೆ: ನಾವಿಬ್ಬರು ಇಲ್ಲಿ ಉಳಿಯುತ್ತೇವೆ, ನಮ್ಮ ಖರ್ಚು ನಮ್ಮದು, ಪಾಸ್‌ಪೋರ್ಟ್ ಕೊಡು.

"ಆಗುದಿಲ್ಲ ಅಣ್ಣಾ. ಗ್ರೂಪ್ ವೀಸಾ. ಹೋಗುದು ಬರುದು ಎಲ್ಲ ಒಟ್ಟಿಗೆ."

"ಯಾವ ಗ್ರೂಪ್ ವೀಸಾ ಮಾರಾಯ? ಅವರವರ ಪಾಸ್‌ಪೋರ್ಟಿಗೆ ಅವರವರ ವೀಸಾ ಅಂಟಿಸಿದ್ದಾರೆ. ಬೆರಳಚ್ಚು ಕೊಡ್ಲಿಕ್ಕೆ ನಾವೇ ಹೋದದ್ದು, ನೀನಲ್ಲ."

"ಫುಲ್ ಡೇ ಸಿಗ್ಲಿಲ್ಲ ಅಂತ ತಾನೇ? ಒಂದು ಇನ್ನೂರು ದಿರ್ಹಮ್ ವಾಪಸ್ ಮಾಡ್ತೇನೆ. ಹತ್ತಿ ಈಗ."

ನನ್ನ ಕಸುಬಿನಲ್ಲಿ ಇದಕ್ಕೆ ಉತ್ತರ ಸಿದ್ಧವಿರುತ್ತದೆ: ಐನೂರು ಎನ್ನಬೇಕು, ಮುನ್ನೂರೈವತ್ತಕ್ಕೆ ನಿಲ್ಲಬೇಕು. ನಾಲಿಗೆಯ ತುದಿಗೆ ಬಂದೂ ಇತ್ತು. ಅಕ್ಕನ ಮುಖ ನೋಡಿ ನುಂಗಿದೆ. "ಹಣ ಬೇಡ. ಪಾಸ್‌ಪೋರ್ಟ್," ಎಂದೆ.

ಆಗ ಅವನು ನನ್ನನ್ನು ಎರಡು ಹೆಜ್ಜೆ ಬದಿಗೆ ಕರೆದು, ದನಿ ತಗ್ಗಿಸಿದ ಹಾಗೆ ಮಾಡಿ, ಅಕ್ಕನಿಗೂ ಮುಂದಿನ ಸೀಟಿನವರಿಗೂ ಕೇಳುವಂತೆ ಹೇಳಿದ: "ನಿಮ್ಮ ಅಕ್ಕನ ಕೆಲಸ ಮುಗ್ದದ್ದು ನಂಗೆ ಗೊತ್ತುಂಟು. ನೀವೇ ಹೇಳಿದ್ದಲ್ವಾ? ಊರಿಗೆ ಹೋಗಿ ಮಾಡ್ಲಿಕ್ಕೆ ಏನುಂಟು ಅವ್ರಿಗೆ? ಅಂಥವ್ರೇ ಇಲ್ಲಿ ಉಳ್ಕೊಳ್ಳುದು. ಯಾವ್ದಾದ್ರೂ ಮುದುಕಿಯ ಮನೆಯಲ್ಲಿ ಕೆಲ್ಸಕ್ಕೆ ಸೇರಿದ್ರೆ ಮುಗೀತು. ಮತ್ತೆ ಎಂಬೆಸಿಯಲ್ಲಿ ನನ್ನ ಹೆಸ್ರು ಹಾಳು."

ನನ್ನ ಕೈ ಅವನ ಅಂಗಿಯ ಕಾಲರಿಗೆ ಹೋದದ್ದು ನನಗೆ ಸರಿಯಾಗಿ ನೆನಪಿಲ್ಲ, ಹೋಯಿತಂತೆ. ಡಾಕ್ಟರು ಇಳಿದುಬಂದು ಬಿಡಿಸಿದರು. "ಏನ್ರೀ ಇದು, ದೊಡ್ಡವರಾಗಿ. ಹತ್ರಿ, ಹತ್ರಿ. ಎಲ್ಲರಿಗೂ ಲೇಟ್ ಆಗ್ತದ." ಒಳಗಿನಿಂದ ಯಾರೋ ಕೂಗಿದರು, "ಯಲ್ಲಾ ಅಂಕಲ್, ಔಟ್‌ಲೆಟ್ ಕ್ಲೋಸ್ ಆಗ್ತದೆ!"

ಅಮ್ಮ ತೀರಿಕೊಂಡಾಗ ನಾನಿನ್ನೂ ಊರಿನಲ್ಲಿದ್ದೆ. ಅಕ್ಕನ ಪಾಸ್‌ಪೋರ್ಟ್ ಹೋಟೆಲಿನ ಕಬ್ಬಿಣದ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಇದ್ದ ಮ್ಯಾನೇಜರ್ ರಜೆಯ ಮೇಲೆ ತನ್ನ ದೇಶಕ್ಕೆ ಹೋಗಿದ್ದ. ಆಕೆ ಆಫೀಸಿನ ಹೊರಗೆ ನಿಂತೇ ಇದ್ದಳಂತೆ, ಶಿಫ್ಟಿಗೆ ಹೋಗುವುದು, ಮತ್ತೆ ಬಂದು ನಿಲ್ಲುವುದು. ಊರು ಮುಟ್ಟಿದಾಗ ಮಣ್ಣು ಮಾಡಿ, ಏಳನೆಯ ದಿನದ ಪೂಜೆಯೂ ಮುಗಿದಿತ್ತು. ಅದರ ಬಗ್ಗೆ ಆಕೆ ಒಮ್ಮೆಯೂ ಒಬ್ಬರನ್ನೂ ಬೈದವಳಲ್ಲ. ಲೀಡರನ ಎದೆಯ ಮೇಲಿನ ಚೀಲವನ್ನು ಕಂಡಾಗಲೆಲ್ಲ ನನಗೆ ಕಾಣುತ್ತಿದ್ದದ್ದು ನಾನು ಯಾವತ್ತೂ ನೋಡಿರದ ಆ ಕಪಾಟು.

ಅಕ್ಕ ಬಸ್ಸಿನ ಮೆಟ್ಟಿಲ ಬಳಿ ಬಂದಳು. ಹತ್ತುತ್ತಾಳೆ ಎಂದೇ ಲೀಡರ್ ದಾರಿ ಬಿಟ್ಟ. ಆಕೆ ಸೀರೆಯ ನೆರಿಗೆ ಸರಿಮಾಡಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಹೊರಮುಖವಾಗಿ ಕುಳಿತಳು. ಮಡಿಲಲ್ಲಿ ಕೈಚೀಲ.

"ಅಕ್ಕಾ, ಮೇಲೆ ಸೀಟಲ್ಲಿ ಕೂತ್ಕೊಳ್ಳಿ."

"ಇಲ್ಲೇ ಆಗ್ತದೆ."

"ಬಾಗ್ಲು ಹಾಕ್ಬೇಕು."

"ಹೌದು, ಗೊತ್ತುಂಟು."

"ಎಂಥ ಅಕ್ಕಾ ಇದು, ಮಕ್ಕಳಾಟ?"

"ಅದರಲ್ಲಿ ನನ್ನ ಫೋಟೋ ಉಂಟು," ಎಂದಳು ಆಕೆ, ಚೀಲ ತೋರಿಸಿ. "ನಿನ್ನ ಫೋಟೋ ಇದ್ರೆ ಇಟ್ಕೋ. ನನ್ನದಿದ್ರೆ ಕೊಡು. ಕೊಟ್ರೆ ಏಳ್ತೇನೆ."

ಗಂಟಲು ಏರಿಸಲಿಲ್ಲ. ಹೋಟೆಲಿನಲ್ಲಿ ಹರಿದ ಬೆಡ್‌ಶೀಟ್ ಹಿಂದಕ್ಕೆ ಕಳಿಸುವಾಗ ಲಾಂಡ್ರಿಯವರೊಡನೆ ಆಕೆ ಮಾತನಾಡುತ್ತಿದ್ದದ್ದು ಇದೇ ದನಿಯಲ್ಲಿ ಇರಬೇಕು. ನಾನು ಬಾಯಿ ಮುಚ್ಚಿದೆ. ಚೌಕಾಶಿಯಲ್ಲಿ ಪಳಗಿದವನಿಗೆ ಇದು ತಿಳಿದಿರುತ್ತದೆ: ನಮ್ಮ ಕಡೆಯವರ ಕೈ ಮೇಲಾದ ಕ್ಷಣದಲ್ಲಿ ಒಂದು ಮಾತು ಹೆಚ್ಚಾದರೂ ಕೆಟ್ಟಿತು.

ಡ್ರೈವರ್ ಪೂರ್ವ ಯುರೋಪಿನ ಯಾವುದೋ ದೇಶದ ಧಡೂತಿ ಮನುಷ್ಯ. ಬಾಗಿಲು ಹಾಕದೆ ಬಸ್ಸು ಹೊರಡಿಸುವಂತಿಲ್ಲ. ಅಲ್ಲಿ ಡ್ರೈವರುಗಳು ದಿನಕ್ಕೆ ಇಷ್ಟೇ ಹೊತ್ತು ಓಡಿಸಬೇಕೆಂಬ ಕಟ್ಟುನಿಟ್ಟು ಇದೆ, ಯಂತ್ರದಲ್ಲಿ ಎಲ್ಲ ದಾಖಲಾಗುತ್ತದೆ. ಅವನು ಮೆಟ್ಟಿಲ ಮೇಲಿನ ಸೀರೆಯ ಹೆಂಗಸನ್ನು ನೋಡಿದ, ಲೀಡರನನ್ನು ನೋಡಿದ, ಕೈಗಡಿಯಾರಕ್ಕೆ ಬೆರಳು ಬಡಿದ, ಇಂಜಿನ್ ಆರಿಸಿದ. ಆಮೇಲೆ ಒಂದು ಬ್ರೆಡ್ಡು ಬಿಚ್ಚಿ ತಿನ್ನತೊಡಗಿದ.

ಬಸ್ಸಿನೊಳಗೆ ಗೊಣಗಾಟ ಹೆಚ್ಚಿತು. ಮೊದಲು ನಮ್ಮ ಮೇಲೆ. ಸ್ವಲ್ಪ ಹೊತ್ತಿಗೆ ಗಾಳಿಯಿಲ್ಲದೆ ಬಿಸಿಯೇರಿದಾಗ ಅವನ ಮೇಲೆ. "ಕೊಟ್ಟು ಕಳ್ಸಿ ಮಾರಾಯ್ರೆ, ಎಂಥಕ್ಕೆ ಇಟ್ಕೊಂಡಿದ್ದೀರಿ?" ಎಂದಿತು ಒಂದು ಹೆಣ್ಣುದನಿ. ಅದು ನ್ಯಾಯಕ್ಕಾಗಿ ಎದ್ದ ದನಿಯಲ್ಲ, ಔಟ್‌ಲೆಟ್‌ಗಾಗಿ ಎದ್ದದ್ದು. ಇರಲಿ, ಕೆಲಸ ಆಯಿತು. ಲೀಡರ್ ಚೀಲದ ಜಿಪ್ ಎಳೆದ. ಒಳಗೆ ನಲವತ್ತು ನೀಲಿ ಪುಸ್ತಕಗಳು ರಬ್ಬರ್ ಬ್ಯಾಂಡಿನ ಕಟ್ಟುಗಳಲ್ಲಿದ್ದವು. ಹುಡುಕಿ ನಮ್ಮೆರಡನ್ನು ತೆಗೆದು ನನ್ನ ಕಡೆ ಚಾಚಿದ.

"ನನ್ನ ಕೈಗೆ," ಎಂದಳು ಅಕ್ಕ.

ಕೊಟ್ಟ. ಆಕೆ ಪುಟ ತಿರುಗಿಸಿ ಫೋಟೋ ನೋಡಿದಳು, ವೀಸಾ ನೋಡಿದಳು, ನನ್ನದನ್ನೂ ನೋಡಿದಳು, ಎರಡನ್ನೂ ಕೈಚೀಲಕ್ಕೆ ಹಾಕಿ ಎದ್ದಳು. "ದೇವ್ರು ಒಳ್ಳೇದು ಮಾಡ್ಲಿ," ಎಂದು ಅವನಿಗೆ ಹೇಳಿದಳು. ನಾನಾಗಿದ್ದರೆ ಬೇರೆ ಏನಾದರೂ ಹೇಳುತ್ತಿದ್ದೆ.

ನನ್ನ ಸಿಟ್ಟು ಇಂದಿಗೂ ಇಳಿಯದಿರುವುದು ಆಮೇಲಿನ ಅರ್ಧ ನಿಮಿಷಕ್ಕಾಗಿ. ಜಿಪ್ ಇನ್ನೂ ತೆರೆದೇ ಇತ್ತು. ಮೂವತ್ತೆಂಟು ಪಾಸ್‌ಪೋರ್ಟ್ ಎಲ್ಲರ ಕಣ್ಣೆದುರು. ಡಾಕ್ಟರರ ಹೆಂಡತಿ ಸೀಟಿನಿಂದ ಅರ್ಧ ಎದ್ದರು. ಅವರು ಏನೋ ಹೇಳುವುದರಲ್ಲಿದ್ದರು. ಡಾಕ್ಟರು ಅವರ ಮೊಣಕೈ ಹಿಡಿದು ಕೂರಿಸಿದರು. ಬೇರೆ ಯಾರೂ ಅಲುಗಲಿಲ್ಲ. ಲೀಡರ್ ಜಿಪ್ ಎಳೆದ, ಬಾಗಿಲು ಮುಚ್ಚಿತು, ಬಸ್ಸು ಹೋಯಿತು. ಒಂದು ಇಡೀ ಬಸ್ಸು ತುಂಬ ಓದಿದವರು, ಮಕ್ಕಳಿಗೆ ಹಕ್ಕು ಕರ್ತವ್ಯ ಎಂದು ಪಾಠ ಹೇಳುವವರು, ತಮ್ಮದನ್ನು ತಾವು ಕೇಳಲಾರದೆ ಕುಳಿತೇ ಹೋದರು.

ಎರಡು ಗಂಟೆಗೆ ಮೊಗಸಾಲೆಯ ಬಾಗಿಲು ತೆರೆಯಿತು.

"ಅಯ್ಯೋ, ಇಷ್ಟು ಸಣ್ಣದಾ?" ಎಂದಳು ಅಕ್ಕ ಮೊದಲ ಮಾತಿಗೆ. ಹೌದು, ಸಣ್ಣದೇ. ಚಿತ್ರ ತೆಗೆದವನು ದೊಡ್ಡದಾಗಿ ತೋರಿಸಿದ್ದ. ನಡುವೆ ಹುಲ್ಲಿನ ಚೌಕ, ಸುತ್ತ ಗಿಡ್ಡ ಕಂಬಗಳು, ಅಷ್ಟೇ. ಇಷ್ಟಕ್ಕೇ ಈ ಜಗಳವೇ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಆಕೆಗೆ ಹಾಗೇನೂ ಅನ್ನಿಸಲಿಲ್ಲ. ಸಣ್ಣದಾದದ್ದು ಒಳ್ಳೆಯದಾಯಿತು, ಪೂರ್ತಿ ನೋಡಬಹುದು ಎಂದು ಒಂದು ಮೂಲೆಯಿಂದ ಶುರುಮಾಡಿದಳು. ಕಂಬಗಳ ತಲೆಯ ಮೇಲೆ ಎಲ್ಲ ಕಡೆ ಕೆತ್ತನೆ. ಹೊಗೆ ಹಿಡಿದ ಹಂಚಿನ ಹಾಗೆ ಕಪ್ಪು ಬಣ್ಣ, ಎಂಟುನೂರು ವರ್ಷಕ್ಕೂ ಮೇಲಾಗಿದೆ. ಬೈಬಲಿನ ಕಥೆಗಳು, ಸಂತರು, ಮೃಗಗಳು. ಆಕೆ ಪ್ರತಿಯೊಂದರ ಕೆಳಗೂ ನಿಂತು, ಕತ್ತೆತ್ತಿ, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದಳು. ಒಂದರ ಬಳಿ ನನ್ನನ್ನು ಕರೆದಳು.

"ಇದು ನಮ್ಮ ಶಾಲೆಯ ನರಿ ಕೊಕ್ಕರೆ ಕಥೆ ಅಲ್ವಾ ಬಾಬು? ನೋಡು, ಉದ್ದ ಕೊಕ್ಕು. ಇವ್ರಿಗೆ ಹೇಗೆ ಗೊತ್ತಾದದ್ದು?"

"ನಮ್ಮವರೇ ಹೇಳಿರ್ಬೇಕು."

"ನಿನ್ನ ತಲೆ. ನೀನು ಅದಕ್ಕೂ ಕಮಿಷನ್ ಕೇಳ್ತಿ."

ಆಮೇಲೆ ಕಂಬಗಳ ನಡುವಿನ ಗಿಡ್ಡ ಗೋಡೆಯ ಮೇಲೆ, ಬಿಸಿಲು ಬೀಳುವ ಕಡೆ ಕುಳಿತಳು. ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಜಪಮಾಲೆ ತೆಗೆಯುತ್ತಾಳೆಂದು ತಿಳಿದಿದ್ದೆ, ತೆಗೆಯಲಿಲ್ಲ. ಬಿಸಿಲು ಸರಿದಂತೆ ಆಕೆಯೂ ಸರಿದು ಕುಳಿತಳು. ನಾನು ಊರೆಲ್ಲ ಸುತ್ತಿ ಬಂದೆ, ಕೋಟೆಬಾಗಿಲು ನೋಡಿದೆ, ನಾಟಕಶಾಲೆಯ ಗೋಡೆ ನೋಡಿದೆ, ಗಿಣ್ಣಿನಂಥ ಒಂದು ಚೀಸನ್ನು ಅಂಗಡಿಯವಳೊಡನೆ ಕೈಸನ್ನೆಯಲ್ಲೇ ಚರ್ಚೆ ಮಾಡಿ ಕೊಂಡೆ. ದರ ಒಂದು ಕಾಸೂ ಇಳಿಸಲಿಲ್ಲ ಆಕೆ, ಬದಲಿಗೆ ಒಂದು ತುಂಡು ಹೆಚ್ಚು ತಿನ್ನಲು ಕೊಟ್ಟಳು. ಮರಳಿದಾಗಲೂ ಅಕ್ಕ ಅಲ್ಲೇ ಇದ್ದಳು. ಬಾಗಿಲು ಹಾಕುವವನು ಬಂದು ಕೆಮ್ಮಿದ ಮೇಲೆಯೇ ಎದ್ದದ್ದು. ಸಂಜೆಯ ಬಸ್ಸು, ಆಮೇಲೆ ರೈಲು ಹಿಡಿದು ತಡರಾತ್ರಿ ಮಿಲಾನಿನ ಹೋಟೆಲು ಸೇರಿದೆವು.

ದುಬೈಗೆ ಮರಳಿದ ಮೇಲೆ ಪ್ರವಾಸದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದಿದ್ದರು, ಇಬ್ಬರ ಹಟದಿಂದ ಎಲ್ಲರಿಗೂ ಔಟ್‌ಲೆಟ್ಟಿನ ಸಮಯ ಹೋಯಿತೆಂದು. ಕೆಳಗೆ ಹೆಬ್ಬೆರಳುಗಳ ಸಾಲು. ಲೀಡರನ ಮುಂದಿನ ಪ್ರವಾಸದ ಜಾಹೀರಾತಿನಲ್ಲಿ ಈಗ ಹೊಸ ಸೌಲಭ್ಯವೊಂದು ಸೇರಿದೆ: ನಿಮ್ಮ ಪಾಸ್‌ಪೋರ್ಟ್ ನಮ್ಮ ಬಳಿ ಭದ್ರ. ಬುಕಿಂಗ್ ಚೆನ್ನಾಗಿ ಆಗುತ್ತಿದೆಯಂತೆ. ನಾನು ಗುಂಪಿನಿಂದ ಹೊರಬಂದೆ. ಅಕ್ಕ ಆ ತಿಂಗಳ ಕೊನೆಗೆ ವೀಸಾ ರದ್ದು ಮಾಡಿಸಿ ಊರಿಗೆ ಹೋದಳು. ಅಂದು ಏರ್‌ಪೋರ್ಟಿನವರೆಗೆ ಬಂದ ಹೋಟೆಲಿನ ಮನುಷ್ಯ, "ಕೊಡಿ ಅಕ್ಕಾ, ಚೆಕ್‌ಇನ್ ನಾನೇ ಮಾಡಿಸ್ತೇನೆ," ಎಂದು ಕೈ ಚಾಚಿದಾಗ, "ನೀನು ಪೆಟ್ಟಿಗೆ ಹಿಡ್ಕೋ," ಎಂದಳಂತೆ.

ನೀವು ಆ ಊರಿಗೆ ಹೋಗುವುದಾದರೆ ಕೇಳಿ. ಗುಂಪಿನ ಜೊತೆ ಹೋಗಬೇಡಿ. ಮಿಲಾನ್ ತನಕ ವಿಮಾನ, ಅಲ್ಲಿಂದ ರೈಲು ಬಸ್ಸು ಹಿಡಿದರೆ ನನಗೆ ಬಿದ್ದದ್ದಕ್ಕಿಂತ ಹೆಚ್ಚೇನೂ ಬೀಳುವುದಿಲ್ಲ, ಎರಡು ರಾತ್ರಿ ಅಲ್ಲೇ ಉಳಿಯಿರಿ. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತನ್ನು ಮೊದಲೇ ನೋಡಿಕೊಳ್ಳಿ. ನಮ್ಮ ದುಬೈಯ ಹಾಗೆ ರಾತ್ರಿ ಹತ್ತಕ್ಕೆ ಊಟಕ್ಕೆ ಹೊರಟರೆ ಉಪವಾಸ ಮಲಗುತ್ತೀರಿ, ಅಲ್ಲಿ ಅಡುಗೆಮನೆಗಳು ಬೇಗ ತಣ್ಣಗಾಗುತ್ತವೆ. ಬೇಸಿಗೆಯಾದರೂ ಒಂದು ಸ್ವೆಟರ್ ಇರಲಿ. ಗುಂಪಿನಲ್ಲೇ ಹೋಗಬೇಕಾದ ಗತಿ ಬಂದರೆ, ಹಣ ಕೊಡುವ ಮೊದಲು ಆ ಊರಿನಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆಂದು ಅವನ ಕೈಯಲ್ಲೇ ಬರೆಸಿ ಸಹಿ ಹಾಕಿಸಿ, ಕೊನೆಯ ಕಂತನ್ನು ಮರಳಿ ಬಂದ ಮೇಲೆ ಕೊಡುತ್ತೇನೆ ಎನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.

ಪಾಸ್‌ಪೋರ್ಟ್ ಯಾರಿಗೂ ಕೊಡಬೇಡಿ. ಗಾಜಿನ ಹಿಂದೆ ಕುಳಿತ ಅಧಿಕಾರಿಗೆ, ಹೋಟೆಲಿನ ಸ್ವಾಗತದ ಮೇಜಿಗೆ ತೋರಿಸಿ, ಎದುರೇ ನಿಂತು ವಾಪಸ್ ತೆಗೆದುಕೊಳ್ಳಿ. ಮನೆಯಲ್ಲಿ ಗಲ್ಫಿನಲ್ಲಿ ಬಹಳ ವರ್ಷ ದುಡಿದ ಹಿರಿಯರಿದ್ದರೆ ಅವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಹೊರಡುವ ಹಿಂದಿನ ದಿನ ಊಟದ ಮೇಜಿನಲ್ಲಿ ನೀವೇ ಅವರ ಮುಂದೆ ಕೈ ಚಾಚಿ, ಸ್ವಲ್ಪ ಜೋರಾಗಿ "ಪಾಸ್‌ಪೋರ್ಟ್" ಎಂದು ಕೇಳಿ. ಅವರು ಚೀಲಕ್ಕೆ ಕೈ ಹಾಕಿದರೆ ಮತ್ತೊಮ್ಮೆ ಮಾಡಿಸಿ. "ಯಾಕೆ?" ಎಂದು ಅವರು ತಿರುಗಿ ಕೇಳುವ ತನಕ ಮಾಡಿಸಿ.